ಕಾಕಾನ ಮೂರು ಪಕ್ಕೆಲುಬು

ಇಪ್ಪತ್ತು ವರ್ಷದಲ್ಲಿ ನಮ್ಮ ಕಾಕಾ ಮುಂಬಯಿಗೆ ಬಂದದ್ದು ಎರಡೇ ಸಲ. ಮೊದಲ ಸಲ 1998ರಲ್ಲಿ, ನನಗೆ ಇಲ್ಲಿ ನೌಕರಿ ಸಿಕ್ಕಾಗ, ನನ್ನ ಟ್ರಂಕು ಹೊತ್ತುಕೊಂಡು. ಎರಡನೆಯ ಸಲ 2018ರ ಮೇ ತಿಂಗಳಲ್ಲಿ, ಎದೆಯ ಮೇಲೆ ಮೂಸಂಬಿಯಷ್ಟು ದೊಡ್ಡ ಗಂಟು ಹೊತ್ತುಕೊಂಡು. ಬಾಗಲಕೋಟೆಯಿಂದ ರಾತ್ರಿ ಬಸ್ಸಿಗೆ ಹತ್ತಿ ಬೆಳಿಗ್ಗೆ ಸಾಯನ್‌ನಲ್ಲಿ ಇಳಿದವನು, ಜೊತೆಗೆ ಕಾಕು ಇದ್ದಾಳೆ ಎಂಬುದನ್ನೂ ಮರೆತು ಮೊದಲು ಕೇಳಿದ್ದು, ‘ನಿನಗ ರಜಾ ಸಿಕ್ಕೈತೇನಪಾ? ನನ್ನ ಸಲುವಾಗಿ ಪಗಾರ ಕಟ್ ಆಗಬಾರದು ನೋಡು.’

ಕಾಕಾ ಗುಳೇದಗುಡ್ಡದ ನೇಕಾರ. ಖಣ ನೇಯುವವನು. ನನ್ನ ಅಪ್ಪ ನಾನು ಆರನೇ ಇಯತ್ತೆಯಲ್ಲಿದ್ದಾಗ ಹೋದ. ಆಮೇಲೆ ನನ್ನ ಫೀಸು, ಪುಸ್ತಕ, ಧಾರವಾಡದ ಹಾಸ್ಟೆಲ್ಲು, ಎಲ್ಲವೂ ಕಾಕಾನ ಕುಣಿಮಗ್ಗದಿಂದ ಬಂದದ್ದು. ಬಲಗೈಯಲ್ಲಿ ಹುರಿ ಎಳೆದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುತ್ತದೆ. ಎಡಗೈಯಿಂದ ಫಣಿ ಬಡಿಯಬೇಕು. ಕುಣಿಯೊಳಗಿನ ಕಾಲು ತುಳಿಯುತ್ತಲೇ ಇರಬೇಕು. ದಿನಕ್ಕೆ ಸಾವಿರಾರು ಸಲ. ಲೆಕ್ಕಪತ್ರ ವಿಭಾಗದಲ್ಲಿ ಕೂತು ಇತರರ ದುಡ್ಡು ಕೂಡಿಸಿ ಕಳೆಯುವ ನಾನು, ಕಾಕಾನ ಆ ಬಲಗೈ ನನ್ನ ಓದಿಗೆ ಎಷ್ಟು ಸಲ ಎಳೆದಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಕೈಬಿಟ್ಟಿದ್ದೇನೆ.

ಈ ಬರಹಕ್ಕೆ ಕಾರಣ ಬೇರೆಯೇ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಗಂಟನ್ನು ಕಾಕಾ ಎಲ್ಲರಿಗಿಂತ ಮೊದಲು ತೋರಿಸಿದ್ದು ನನಗೆ.

2016ರ ದೀಪಾವಳಿ. ನರಕ ಚತುರ್ದಶಿಯ ಬೆಳಿಗ್ಗೆ ಕಾಕು ಎಲ್ಲರಿಗೂ ಎಣ್ಣೆ ಹಚ್ಚುತ್ತಿದ್ದಳು. ಕಾಕಾ ಬರಿಮೈಯಲ್ಲಿ ಕೂತಿದ್ದ. ‘ಇಲ್ಲಿ ನೋಡೋ, ಏನೋ ಗಟ್ಟಿ ಆಗೇತಿ’ ಎಂದು ಬಲ ಎದೆಯ ಮೇಲೆ, ಎದೆಗುಂಡಿಗೆಯ ಚಪ್ಪಟೆ ಎಲುಬಿನಿಂದ ನಾಲ್ಕು ಬೆರಳು ಆಚೆ ನನ್ನ ಕೈ ಇಡಿಸಿದ. ಅಡಿಕೆಯಷ್ಟು ಉಬ್ಬು. ಒತ್ತಿದರೆ ನೋವಿಲ್ಲ. ಜರುಗಿಸಿದರೆ ಜರುಗುವುದಿಲ್ಲ. ನಾನು ಫೋನು ತೆಗೆದು ಎರಡು ನಿಮಿಷ ಏನೋ ಓದಿದೆ. ನಂತರ ಮುಂಬಯಿಯಲ್ಲಿರುವವನ ಗತ್ತಿನಲ್ಲಿ, ‘ಕೊಬ್ಬಿನ ಗಂಟು ಕಾಕಾ. ಏನೂ ಆಗಂಗಿಲ್ಲ, ಬಿಡು’ ಎಂದೆ. ಅವನು ಬಿಟ್ಟ. ಮನೆಯಲ್ಲಿ ಓದಿದವನು ನಾನೊಬ್ಬನೇ. ನಾನು ಹೇಳಿದ ಮೇಲೆ ಮುಗಿಯಿತು.

ಒಂದೂವರೆ ವರ್ಷ ಅದು ಸದ್ದಿಲ್ಲದೆ ಬೆಳೆಯಿತು. ಯುಗಾದಿಯ ಹೊತ್ತಿಗೆ ಅಂಗಿಯ ಮೇಲಿಂದಲೇ ಕಾಣುವಷ್ಟಾಯಿತು. ಕಾಕು ಹಟ ಹಿಡಿದು ಹತ್ತಿರದ ಪಟ್ಟಣದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯೂ ಸ್ಕ್ಯಾನು ಮಾಡಿಸಲಿಲ್ಲ. ‘ಅರ್ಧ ತಾಸಿನ ಕೆಲಸ’ ಎಂದು ಆ ಜಾಗವನ್ನಷ್ಟೇ ಮರಗಟ್ಟಿಸಿ ಗಂಟಿನ ಮೇಲೆ ಉದ್ದಕ್ಕೆ ಕೊಯ್ದರು. ಒಳಗಿದ್ದದ್ದು ಕೊಬ್ಬಲ್ಲ, ಎಲುಬಿಗೆ ಅಂಟಿದ ಕಲ್ಲಿನಂಥದ್ದು. ಗಾಬರಿಯಾಗಿ ಒಂದು ಚೂರು ತೆಗೆದುಕೊಂಡು ಹೊಲಿದು ಕಳಿಸಿದರು. ಆ ಚೂರಿನ ರಿಪೋರ್ಟು ಮೂರು ವಾರಕ್ಕೆ ಬಂತು. ಕಾಕಾನ ಮಗ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ನನಗೆ ಕಳಿಸಿದ. ಕಾಂಡ್ರೋಸಾರ್ಕೋಮಾ. ಡೊಂಬಿವಲಿಯಿಂದ ಹೊರಟ ಲೋಕಲ್‌ನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಆ ಶಬ್ದ ಓದಿದೆ. ದೀಪಾವಳಿಯ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು.

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯನ್ನು ಮುಂಬಯಿ ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ. ಊರಿನಿಂದ ಬಂದ ಯಾರಾದರೊಬ್ಬರ ಫೈಲು ಹಿಡಿದು ಅಲ್ಲಿ ನಿಲ್ಲದ ಮನೆ ನಮ್ಮಲ್ಲಿ ಕಡಿಮೆ. ಲೇಡಿ ಮೆಹರ್‌ಬಾಯಿ ಟಾಟಾ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡದ್ದು ಅದರ ಹುಟ್ಟಿಗೆ ಕಾರಣ. 1941ರಲ್ಲಿ ಬಾಗಿಲು ತೆರೆಯಿತು. 1962ರಿಂದ ಅಣುಶಕ್ತಿ ಇಲಾಖೆಯ ಅಡಿಯಲ್ಲಿದೆ. ಎದುರಿನ ಫುಟ್‌ಪಾತಿನ ಮೇಲೆ ಚಾಪೆ ಹಾಸಿಕೊಂಡ ಕುಟುಂಬಗಳಲ್ಲಿ ಬಿಹಾರ, ಬಂಗಾಳ, ಅಸ್ಸಾಂ, ಎಲ್ಲ ಕಡೆಯವರೂ ಇದ್ದರು. ಕಾಕಾ ಅವರನ್ನು ನೋಡಿ, ‘ನಮಗ ನಿನ್ನ ಮನಿ ಐತಿ. ಇವರ್ಯಾರೋ ಪಾಪ’ ಎಂದ. ನನ್ನ ಒಂದು ಬೆಡ್‌ರೂಮಿನ ಮನೆಯಲ್ಲಿ ಅವನು ಅಡುಗೆಮನೆಯ ಬಾಗಿಲಿಗೆ ತಲೆಯಿಟ್ಟು ಮಲಗುತ್ತಿದ್ದ.

ಸರ್ಜನ್ ಮರಾಠಿ ಮಾತಾಡುವವರು. ವಯಸ್ಸು ಐವತ್ತರ ಆಸುಪಾಸು. ಕಾಕಾನ ಗಂಟಿಗಿಂತ ಹೆಚ್ಚು ಹೊತ್ತು ಅದರ ಮೇಲಿನ ಹೊಲಿಗೆಯ ಗುರುತನ್ನೇ ನೋಡಿದರು. ಆಮೇಲೆ ಪ್ರಶ್ನೆಗಳು ಶುರುವಾದವು. ಅವರು ಹಿಂದಿಯಲ್ಲಿ ಕೇಳುವುದು, ನಾನು ಕನ್ನಡ ಮಾಡುವುದು, ಕಾಕಾ ಹೇಳಿದ್ದನ್ನು ಮತ್ತೆ ಹಿಂದಿ ಮಾಡುವುದು.

‘ಯಾವಾಗಿನಿಂದ ಇದೆ?’

‘ಹ್ವಾದ ವರ್ಷದ ಹಿಂದಿನ ದೀಪಾವಳಿಗೆ ಕಂಡಿತ್ರಿ.’

‘ಆಗಲೇ ಯಾರಿಗಾದರೂ ತೋರಿಸಿದಿರಾ?’

ನಾನು ಆ ಪ್ರಶ್ನೆಯನ್ನು ಕನ್ನಡಕ್ಕೆ ತಂದೆ. ಕಾಕಾ ನನ್ನ ಮುಖ ನೋಡಲಿಲ್ಲ. ಡಾಕ್ಟರನ್ನೇ ನೋಡಿ, ‘ಇಲ್ರಿ. ಯಾರಿಗೂ ತೋರಿಸಿರಲಿಲ್ಲ’ ಎಂದ.

ನಾನು ಅದನ್ನು ಹಾಗೆಯೇ ಹಿಂದಿ ಮಾಡಿದೆ. ಡಾಕ್ಟರು ಬರೆದುಕೊಂಡರು. ಆ ಸುಳ್ಳು ಇವತ್ತಿಗೂ ಆ ಫೈಲಿನಲ್ಲಿ ನನ್ನ ಅನುವಾದದಲ್ಲೇ ಇದೆ.

ಸಿಟಿ ಸ್ಕ್ಯಾನು ಆಯಿತು. ಹಳೆಯ ಚೂರಿನ ಸ್ಲೈಡುಗಳನ್ನು ಇಲ್ಲಿ ಮತ್ತೊಮ್ಮೆ ನೋಡಿದರು. ಕಾಯಿಲೆ ಪುಪ್ಪುಸಕ್ಕೆ ಹೋಗಿಲ್ಲ ಎಂಬುದು ಖಾತ್ರಿಯಾದ ಮೇಲೆ ಸರ್ಜನ್ ಒಂದು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಪಕ್ಕೆಲುಬು ಒಟ್ಟು ಹನ್ನೆರಡು ಜೋಡಿ. ಮೇಲಿನ ಏಳು ಜೋಡಿ ಮುಂದೆ ಬಂದು ನಡುವಿನ ಎಲುಬಿಗೆ ನೇರವಾಗಿ ಸೇರುತ್ತವೆ. ಆದರೆ ಎಲುಬು ಎಲುಬಿಗೇ ಸೇರುವುದಿಲ್ಲ. ನಡುವೆ ಮೃದ್ವಸ್ಥಿ, ಅಂದರೆ ನಮ್ಮ ಮೂಗಿನ ತುದಿಯಲ್ಲಿರುವಂಥ ಬಳುಕುವ ಭಾಗ ಇರುತ್ತದೆ. ಉಸಿರಾಡುವಾಗ ಎದೆ ಉಬ್ಬಿ ಇಳಿಯುವುದಕ್ಕೆ ಅದು ಬೇಕು. ಕಾಕಾನ ನಾಲ್ಕನೇ ಪಕ್ಕೆಲುಬು ಮೃದ್ವಸ್ಥಿಗೆ ಕೂಡುವ ಆ ಸಂದಿಯಲ್ಲೇ ಗಡ್ಡೆ ಹುಟ್ಟಿತ್ತು. ಪಕ್ಕೆಲುಬಿನಲ್ಲಿ ಕಾಣುವ ಕ್ಯಾನ್ಸರ್ ಬಹುಪಾಲು ಬೇರೆ ಎಲ್ಲಿಂದಲೋ ಹರಡಿ ಬಂದದ್ದಾಗಿರುತ್ತದೆ. ಅಲ್ಲಿಯೇ ಹುಟ್ಟುವುದು ಅಪರೂಪ. ಹಾಗೆ ಎದೆಗೂಡಿನ ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಈ ಕಾಂಡ್ರೋಸಾರ್ಕೋಮಾ. ನಿಧಾನಕ್ಕೆ ಬೆಳೆಯುತ್ತದೆ, ಎಷ್ಟೋ ಸಲ ನೋಯುವುದೇ ಇಲ್ಲ. ಹೀಗಾಗಿ ಜನ ಬಿಟ್ಟುಬಿಡುತ್ತಾರೆ.

‘ಕಿಮೋ, ರೇಡಿಯೇಶನ್ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ’ ಎಂದರು. ‘ಇದರ ಮದ್ದು ಚಾಕು ಒಂದೇ. ಮೊದಲನೆಯ ಸಲವೇ ಪೂರ್ತಿ ತೆಗೆಯಬೇಕು. ಗಡ್ಡೆಯನ್ನು ಕಣ್ಣಿಗೆ ಬೀಳದ ಹಾಗೆ, ಸುತ್ತಲಿನ ಒಳ್ಳೆಯ ಮಾಂಸ-ಎಲುಬಿನ ಸಮೇತ ಒಂದೇ ತುಂಡಾಗಿ ತೆಗೆಯಬೇಕು.’ ಸುತ್ತ ಎಷ್ಟು ಅಂಚು ಎಂದರೆ, ಬಹಳ ಕಾಲದಿಂದ ಪಾಲಿಸುತ್ತ ಬಂದ ಲೆಕ್ಕ ನಾಲ್ಕು ಸೆಂಟಿಮೀಟರು. ಅಂದರೆ ನಾಲ್ಕನೆಯ ಪಕ್ಕೆಲುಬಿನ ಜೊತೆ ಮೇಲಿನ ಮೂರನೆಯದರ, ಕೆಳಗಿನ ಐದನೆಯದರ ಮುಂಭಾಗವೂ ಹೋಗುತ್ತದೆ. ಗಡ್ಡೆಯನ್ನು ಕೊಯ್ದು ನೋಡಿದ್ದರಿಂದ ಅದರ ಕಣಗಳು ಆ ದಾರಿಯಲ್ಲಿ ಚೆಲ್ಲಿರಬಹುದು. ಆದ್ದರಿಂದ ಹೊಲಿಗೆಯ ಗುರುತಿನ ಚರ್ಮ, ಅದರ ಕೆಳಗಿನ ಎದೆಯ ಸ್ನಾಯು, ಎರಡನ್ನೂ ಜೊತೆಗೇ ತೆಗೆಯಬೇಕು. ಸೂಜಿಯಿಂದ ಚೂರು ತೆಗೆದಿದ್ದರೆ ಸೂಜಿ ಹೋದಷ್ಟೇ ದಾರಿ ಹೋಗುತ್ತಿತ್ತು; ಈಗ ಅಂಗೈಯಷ್ಟು ಚರ್ಮ ಹೋಗುತ್ತದೆ.

ಕಾಕಾ ಇದನ್ನೆಲ್ಲ ಕೇಳಿ, ‘ಅಷ್ಟು ತೂತ ಬಿದ್ದರ ಉಸರ ಹೆಂಗ ನಿಲ್ತೈತಿ?’ ಎಂದ. ಸರಿಯಾದ ಪ್ರಶ್ನೆ. ವೈದ್ಯಲೋಕ ನೂರು ವರ್ಷಕ್ಕೂ ಹಿಂದೆ ಇದೇ ಪ್ರಶ್ನೆಯ ಎದುರು ನಿಂತಿತ್ತು ಎಂದು ಆಮೇಲೆ ಓದಿ ತಿಳಿದೆ. ಎದೆಗೂಡನ್ನು ತೆರೆದ ಕೂಡಲೇ ಹೊರಗಿನ ಗಾಳಿ ಒಳನುಗ್ಗಿ ಪುಪ್ಪುಸ ಮುದುಡಿಬಿಡುತ್ತದೆ. ಹೀಗಾಗಿ ಆ ಗೂಡಿಗೆ ಕೈಹಾಕಲು ಎಲ್ಲರೂ ಹೆದರುತ್ತಿದ್ದರು. 1890ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಪಾರ್ಹಮ್ ಎಂಬ ಸರ್ಜನ್ ಎದೆಗೂಡಿನ ಎಲುಬಿನ ಗಡ್ಡೆಗಳನ್ನು ಕತ್ತರಿಸಿ ತೆಗೆದ ಬಗ್ಗೆ ಬರೆದರು. 1904ರಲ್ಲಿ ಜರ್ಮನಿಯ ಸೌಎರ್‌ಬ್ರುಖ್, ರೋಗಿಯ ತಲೆ ಹೊರಗೆ, ಮೈ ಮತ್ತು ಸರ್ಜನ್‌ಗಳು ಒಳಗೆ ಇರುವ, ಗಾಳಿಯ ಒತ್ತಡ ಕಡಿಮೆ ಮಾಡಿದ ಒಂದು ಕೋಣೆಯನ್ನೇ ಕಟ್ಟಿಸಿದರು. ಆಮೇಲೆ ಶ್ವಾಸನಾಳದೊಳಗೆ ಕೊಳವೆ ಇಳಿಸಿ ಹೊರಗಿನಿಂದ ಗಾಳಿ ತುಂಬುವ ವಿಧಾನ ಪಳಗಿತು, ಕೋಣೆ ಬೇಡವಾಯಿತು.

ಅದು ಆಪರೇಶನ್ ಟೇಬಲ್ಲಿನ ಮಾತು. ಟೇಬಲ್ಲಿನಿಂದ ಎದ್ದ ಮೇಲಿನದು ಇನ್ನೊಂದು ತೊಡಕು. ಎದೆಗೂಡು ಗಟ್ಟಿಯಾಗಿದ್ದರೆ ಮಾತ್ರ ಉಸಿರು ಎಳೆದಾಗ ಉಬ್ಬುತ್ತದೆ. ಮುಂಭಾಗದಲ್ಲಿ ದೊಡ್ಡ ತುಂಡು ಇಲ್ಲದಿದ್ದರೆ, ಉಸಿರು ಎಳೆದಾಗ ಆ ಜಾಗ ಒಳಕ್ಕೆ ಕುಸಿಯುತ್ತದೆ, ಬಿಟ್ಟಾಗ ಹೊರಕ್ಕೆ ಬರುತ್ತದೆ, ಎಲ್ಲ ಉಲ್ಟಾ. ಐದು ಸೆಂಟಿಮೀಟರಿಗಿಂತ ಸಣ್ಣ ತೂತಾದರೆ ನಡೆದೀತು. ಬೆನ್ನಿನ ಕಡೆ ಹೆಗಲ ಫಲಕದ ಅಡಿಯಲ್ಲಾದರೆ ಹತ್ತರವರೆಗೂ ನಡೆದೀತು. ಕಾಕಾನದು ಮುಂದೆ ಇತ್ತು, ದೊಡ್ಡದಿತ್ತು. ಅಲ್ಲಿ ಹೊಸ ಗೋಡೆ ಕಟ್ಟಲೇಬೇಕು.

ಸರ್ಜನ್ ಮೇಜಿನ ಡ್ರಾಯರ್ ಎಳೆದು ಒಂದು ಬಿಳಿ ಜಾಳಿಗೆಯ ತುಣುಕು ತೆಗೆದರು. ಪಾಲಿಪ್ರೊಪಿಲೀನ್ ಜಾಳಿಗೆ. ಹರ್ನಿಯಾಕ್ಕೆ ಹಾಕುವಂಥದ್ದೇ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಫ್ರಾನ್ಸಿಸ್ ಅಷರ್ ಎಂಬ ಸರ್ಜನ್ ಇಂಥ ಪ್ಲಾಸ್ಟಿಕ್ ಜಾಳಿಗೆಯನ್ನು ಬಳಕೆಗೆ ತಂದವರು. ಎರಡು ಪದರ ಜಾಳಿಗೆಯ ನಡುವೆ ಎಲುಬಿನ ಸಿಮೆಂಟು ಹಾಕಿ, ಎದೆಯ ಬಾಗಿಗೆ ತಕ್ಕ ಹಾಗೆ ಬಗ್ಗಿಸಿ, ಗಟ್ಟಿಯಾದ ಮೇಲೆ ಉಳಿದ ಪಕ್ಕೆಲುಬುಗಳಿಗೆ ಬಿಗಿಯಾಗಿ ಹೊಲಿಯುತ್ತಾರೆ. ಸಿಮೆಂಟು ಅಂದರೆ ಒಂದು ಪುಡಿ, ಒಂದು ದ್ರವ; ಕಲಸಿದರೆ ಬಿಸಿಯಾಗಿ ಕೆಲವೇ ನಿಮಿಷದಲ್ಲಿ ಕಲ್ಲಾಗುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ ಮಾಡುವುದೂ ಆ ಜಾತಿಯ ಅಕ್ರಿಲಿಕ್‌ನಿಂದಲೇ. ಟೈಟಾನಿಯಂ ಪಟ್ಟಿಗಳೂ ಇವೆ. 2015ರಲ್ಲಿ ಸ್ಪೇನಿನ ಒಬ್ಬ ರೋಗಿಗೆ ಆಸ್ಟ್ರೇಲಿಯಾದಲ್ಲಿ ತ್ರಿಡಿ ಮುದ್ರಣದಿಂದ ಎದೆಗೂಡಿನ ಒಂದು ಭಾಗವನ್ನೇ ಟೈಟಾನಿಯಂನಲ್ಲಿ ಮಾಡಿ ಕೂರಿಸಿದ್ದರು. ನಮಗೆ ಜಾಳಿಗೆ, ಸಿಮೆಂಟು ಸಾಕು ಎಂದರು.

ಕಾಕಾ ಕೈ ಚಾಚಿದ. ಡಾಕ್ಟರು ಜಾಳಿಗೆ ಕೊಟ್ಟರು. ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿದ. ಬೆಳಕಿಗೆ ಹಿಡಿದ. ಮೂಲೆಯಿಂದ ಮೂಲೆಗೆ ಎಳೆದ. ಊರು ಬಿಟ್ಟಾಗಿನಿಂದ ಅವನ ಮುಖದಲ್ಲಿ ಕಾಣದ ಕಳೆ ಆಗ ಬಂತು.

‘ಇದು ನೇದಿದ್ದಲ್ಲ. ಹಾಸು ಹೊಕ್ಕು ಇಲ್ಲ ಇದಕ್ಕ. ಇದು ಹೆಣದಿದ್ದು. ಸ್ವೆಟರ್ ಇದ್ದಂಗ.’

ನಾನು ಹಿಂದಿ ಮಾಡಿದೆ. ಸರ್ಜನ್ ನಕ್ಕರು. ‘ಸರಿಯಾಗಿ ಹೇಳಿದರು. ಹೆಣೆದಿರುವುದರಿಂದಲೇ ಎಲ್ಲಿ ಕತ್ತರಿಸಿದರೂ ಅಂಚಿನಿಂದ ಎಳೆ ಬಿಚ್ಚಿಕೊಳ್ಳುವುದಿಲ್ಲ. ಅವರು ಏನು ಕೆಲಸ ಮಾಡುತ್ತಾರೆ?’

ನೇಕಾರ ಎಂದೆ. ಅವರು ಪೆನ್ನು ಕೆಳಗಿಟ್ಟರು. ‘ಯಾವ ಕೈಯಿಂದ ಏನು ಮಾಡುತ್ತಾರೆ, ತೋರಿಸಲು ಹೇಳಿ.’ ಕಾಕಾ ಕುರ್ಚಿಯ ಮೇಲೆ ಕೂತೇ ಗಾಳಿಯಲ್ಲಿ ಮಗ್ಗ ಹೂಡಿದ. ಬಲಗೈ ಹುರಿ ಎಳೆಯಿತು, ಎಡಗೈ ಫಣಿ ಬಡಿಯಿತು. ಅವರು ಎದ್ದು ಬಂದು ಅವನ ಬೆನ್ನಿನ ಬಲಪಕ್ಕದಲ್ಲಿ ಅಂಗೈ ಇಟ್ಟು, ಇನ್ನೊಮ್ಮೆ ಎಳೆಯಲು ಹೇಳಿದರು. ಆಮೇಲೆ ನನಗೆ ಹೇಳಿದ್ದನ್ನು ಕನ್ನಡ ಮಾಡುವುದು ಆ ದಿನದ ಅತಿ ಕಷ್ಟದ ಕೆಲಸವಾಯಿತು.

ಜಾಳಿಗೆ-ಸಿಮೆಂಟಿನ ಗೋಡೆಯ ಮೇಲೆ ಜೀವ ಇರುವ ಮಾಂಸ, ಚರ್ಮ ಹೊದಿಸಬೇಕು. ಇಲ್ಲದಿದ್ದರೆ ಸೋಂಕು ತಗುಲುತ್ತದೆ. ಮೇಲಿನ ಚರ್ಮ, ಎದೆಯ ಸ್ನಾಯು ಹೋಗುತ್ತಿರುವುದರಿಂದ ಬೇರೆ ಕಡೆಯಿಂದ ತರಬೇಕು. ಅದಕ್ಕೆ ಅತಿ ನಂಬಿಕೆಯ ಸ್ನಾಯು ಬೆನ್ನಿನ ಪಕ್ಕದ್ದು, ಲ್ಯಾಟಿಸ್ಸಿಮಸ್. ಅದನ್ನು ಅದರ ರಕ್ತನಾಳ ಕಡಿಯದಂತೆ ಬಿಡಿಸಿ, ಕಂಕುಳಡಿಯಿಂದ ಮುಂದಕ್ಕೆ ತಿರುಗಿಸಿ ಹೊದಿಸುತ್ತಾರೆ. ಮೇಲಿನಿಂದ ಏನನ್ನಾದರೂ ಕೆಳಗೆ ಎಳೆಯುವಾಗ ಕೆಲಸ ಮಾಡುವುದೂ ಅದೇ ಸ್ನಾಯು. ಹೆಚ್ಚಿನವರಿಗೆ ದಿನನಿತ್ಯದಲ್ಲಿ ಅದು ಹೋದದ್ದು ಗೊತ್ತೇ ಆಗುವುದಿಲ್ಲ, ಉಳಿದ ಸ್ನಾಯುಗಳು ಭಾರ ಹಂಚಿಕೊಳ್ಳುತ್ತವೆ. ಆದರೆ ದಿನಕ್ಕೆ ಸಾವಿರಾರು ಸಲ ಎಳೆಯುವವನ ಮಾತು ಬೇರೆ.

ನಾನು ಹೇಳಿ ಮುಗಿಸಿದೆ. ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಜಾಳಿಗೆಯನ್ನೇ ಉಜ್ಜುತ್ತ ಕೂತಿದ್ದ. ‘ಉಸರ ಇದ್ದರ ಕೈ. ಮಾಡ್ರಿ ಅಂತ ಹೇಳು’ ಎಂದು ತುಣುಕನ್ನು ಮೇಜಿನ ಮೇಲೆ ನಾಲ್ಕು ಮಡಿಕೆ ಮಾಡಿ ಇಟ್ಟ, ಖಣ ಮಡಿಚಿ ಇಡುವ ಹಾಗೆ.

ಆಪರೇಶನ್ ಏಳು ತಾಸು ನಡೆಯಿತು. ಕಾಕು ಹೊರಗಿನ ಬೆಂಚಿನ ಮೇಲೆ ಕೂತು ಬನಶಂಕರಿಗೆ ಹರಕೆಯ ಮೇಲೆ ಹರಕೆ ಹೊತ್ತಳು. ನಾನು ಒಂದನ್ನೂ ಹೊರಲಿಲ್ಲ. ಹೊರುವ ಮುಖ ನನಗಿರಲಿಲ್ಲ. ಸಂಜೆ ಸರ್ಜನ್ ಹೊರಗೆ ಬಂದು, ಒಂದೇ ತುಂಡಾಗಿ ಬಂತು, ಪುಪ್ಪುಸ ಮುಟ್ಟಿರಲಿಲ್ಲ ಎಂದರು. ಮರುದಿನ ಬೆಳಿಗ್ಗೆ ಗಂಟಲಿನ ಕೊಳವೆ ತೆಗೆದರು. ನನ್ನನ್ನು ಒಳಗೆ ಬಿಟ್ಟಾಗ ನಾನು ಮೊದಲು ನೋಡಿದ್ದು ಮುಖವನ್ನಲ್ಲ, ಎದೆಯನ್ನು. ಬ್ಯಾಂಡೇಜಿನ ಅಡಿಯಲ್ಲಿ ಅದು ಎರಡೂ ಕಡೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿತ್ತು.

ಮುಂದಿನ ಹತ್ತು ದಿನ ಉಸಿರಿನ ಶಾಲೆ. ಪಕ್ಕೆಯಿಂದ ಬಂದ ಕೊಳವೆ ಒಂದು ಬಾಟಲಿಯ ನೀರಿನೊಳಗೆ ಮುಳುಗಿತ್ತು. ಉಸಿರಿಗೆ ತಕ್ಕ ಹಾಗೆ ನೀರು ಏರಿಳಿಯುತ್ತಿತ್ತು. ನೋವಿಗೆ ಬೆನ್ನುಹುರಿಯ ಹತ್ತಿರ ಸಣ್ಣ ನಳಿಕೆ. ನೋವೆಂದು ಮೇಲುಸಿರು ಆಡಿದರೆ ಪುಪ್ಪುಸದ ತಳದಲ್ಲಿ ಕಫ ಕೂತು ನ್ಯುಮೋನಿಯಾ ಆಗುತ್ತದೆ. ಅದಕ್ಕೆ ಮೂರು ಗುಂಡಿನ ಪ್ಲಾಸ್ಟಿಕ್ ಸಾಧನ ಕೊಟ್ಟಿದ್ದರು. ಉಸಿರು ಎಳೆದರೆ ಗುಂಡು ಮೇಲೇಳಬೇಕು. ಮೊದಲ ದಿನ ಒಂದು ಗುಂಡೂ ಅಲುಗಲಿಲ್ಲ. ಮಂಗಳೂರು ಕಡೆಯ ನರ್ಸ್ ಒಬ್ಬರು, ‘ಎಂಥ ಮಾರಾಯ್ರೆ, ಒಂದಾದರೂ ಏಳಿಸಿ’ ಎಂದು ಗದರಿಸುತ್ತಿದ್ದರು. ಒಂಬತ್ತನೆಯ ದಿನ ಮೂರನೆಯ ಗುಂಡು ಎದ್ದಿತು. ಕಾಕಾ ಆ ನರ್ಸಿಗೆ, ‘ಅಕ್ಕಾರ, ನಿಮ್ಮ ಕನ್ನಡ ಪುಸ್ತಕದ್ದು ಇದ್ದಂಗ ಐತಿ’ ಎಂದ. ಮಾತಿಗೆ ಉಸಿರು ಬಂದಿತ್ತು.

ರಿಪೋರ್ಟು ಬಂತು. ಎರಡನೆಯ ದರ್ಜೆಯ ಕಾಂಡ್ರೋಸಾರ್ಕೋಮಾ, ಅಂಚುಗಳಲ್ಲಿ ಎಲ್ಲಿಯೂ ಕಾಯಿಲೆ ಇಲ್ಲ. ಬೇರೆ ಚಿಕಿತ್ಸೆ ಬೇಡ, ಆದರೆ ವರ್ಷಗಟ್ಟಲೆ ತಪಾಸಣೆ ಬೇಕು. ಇದು ಅದೇ ಜಾಗದಲ್ಲೋ ಪುಪ್ಪುಸದಲ್ಲೋ ತಡವಾಗಿಯೂ ಮರಳಿ ಬರಬಲ್ಲದು. ಇಪ್ಪತ್ತು ವರ್ಷದಲ್ಲಿ ಎರಡು ಸಲ ಬಂದಿದ್ದ ಕಾಕಾ ಆಮೇಲಿನ ಎರಡೇ ವರ್ಷದಲ್ಲಿ ಆರು ಸಲ ಬಂದ. ಪ್ರತಿ ಎಕ್ಸ್‌ರೇಯಲ್ಲೂ ಪಕ್ಕೆಲುಬಿನ ಸಾಲಿನ ನಡುವೆ ಸಿಮೆಂಟು ಬೆಳ್ಳಗೆ ಕಾಣುತ್ತದೆ. ‘ನನ್ನ ತ್ಯಾಪಿ’ ಎನ್ನುತ್ತಾನೆ.

ಹೋದ ವರ್ಷ ಊರಿಗೆ ಹೋಗಿದ್ದೆ. ಕಾಕಾ ಮಗ್ಗದಲ್ಲಿದ್ದ. ದಿನಕ್ಕೆ ಎರಡು ತಾಸು, ಹೆಚ್ಚೆಂದರೆ ಮೂರು. ಆಮೇಲೆ ಬಲ ಭುಜ ಸೋಲುತ್ತದೆ. ಉಳಿದ ಹೊತ್ತು ಕಾಕು ಕೂರುತ್ತಾಳೆ. ಮನೆಯ ಗಳಿಕೆ ಅರ್ಧಕ್ಕಿಳಿದಿದೆ; ನಾನು ತಿಂಗಳು ತಿಂಗಳು ಕಳಿಸುವುದನ್ನು ಅವನು ಸಾಲವೆಂದು ಚೀಟಿಯಲ್ಲಿ ಬರೆದಿಡುತ್ತಾನೆ. ನಾನು ಕುಣಿಯ ದಂಡೆಯ ಮೇಲೆ ಕೂತು, ಏಳು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಹೇಳಿದೆ.

‘ಕಾಕಾ, ಅವತ್ತ ನನಗ ತೋರಿಸಿದ್ದಿ. ಡಾಕ್ಟರಿಗೆ ಯಾಕ ಇಲ್ಲ ಅಂದಿ?’

ಅವನು ಲಾಳಿ ನಿಲ್ಲಿಸಲಿಲ್ಲ. ‘ಅವರ ಮುಂದ ನಿನ್ನ ಯಾಕ ಬೈಸಲೋ?’ ಎಂದ. ಒಂದಷ್ಟು ಎಳೆ ಹಾಕಿದ ಮೇಲೆ ಹೇಳಿದ, ‘ನೀ ಡಾಕ್ಟರ ಅಲ್ಲ. ತಿಳಿಯಂಗಿಲ್ಲ ಅಂತ ಅಷ್ಟ ಹೇಳಿದ್ದರ ಸಾಕಿತ್ತಪಾ.’

ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವನು ಬೈಯಲಿಲ್ಲ. ನಾನೂ ಇನ್ನೇನೂ ಕೇಳಲಿಲ್ಲ.

ಊರು ಬಿಟ್ಟು ಬಂದ ನಮ್ಮಲ್ಲಿ ಬಹಳ ಜನ ನಮ್ಮ ನಮ್ಮ ಮನೆಗೆ ಫೋನಿನ ಮೇಲಿನ ಡಾಕ್ಟರು, ವಕೀಲರು, ಎಲ್ಲವೂ ಆಗಿದ್ದೇವೆ. ವಾಟ್ಸ್‌ಆ್ಯಪ್‌ನಲ್ಲಿ ಗುಳ್ಳೆಯ ಫೋಟೊ ಬರುತ್ತದೆ, ರಿಪೋರ್ಟು ಬರುತ್ತದೆ. ‘ಏನೂ ಆಗಲ್ಲ’ ಎಂದು ಒಂದು ಮಾತು ಹಾಕಿ ಮೀಟಿಂಗಿಗೆ ಹೋಗುತ್ತೇವೆ. ಆ ಮಾತಿಗೆ ಅಲ್ಲಿ ಎಷ್ಟು ತೂಕ ಎಂಬುದು ನಮಗೆ ಗೊತ್ತಿರುವುದಿಲ್ಲ. ಎಲುಬಿಗೆ ಅಂಟಿದ, ಜರುಗದ, ಬೆಳೆಯುತ್ತಿರುವ ಗಟ್ಟಿ ಗಂಟು ನೋಯದಿದ್ದರೂ ಸ್ಕ್ಯಾನು ಆಗಬೇಕು. ಸ್ಕ್ಯಾನಿಗೆ ಮುಂಚೆ ಯಾರೂ ಅದಕ್ಕೆ ಚಾಕು ಹಾಕಬಾರದು. ಇಷ್ಟು ನನಗೆ ಈಗ ತಿಳಿದಿದೆ. ತಿಳಿಯದ್ದನ್ನು ಯಾರಾದರೂ ಕೇಳಿದರೆ ತಿಳಿಯದು ಎನ್ನುತ್ತೇನೆ; ರಜೆ ಹಾಕಿ ಜೊತೆಗೆ ಹೋಗುತ್ತೇನೆ.

ಅವತ್ತು ಹೊರಡುವಾಗ ಕಾಕಾ ಒಂದು ಖಣ ಕೊಟ್ಟ. ಡಾಕ್ಟರ ಮನೆಯವರಿಗಂತೆ. ‘ಇದು ನೇದಿದ್ದು ಅಂತ ಹೇಳು’ ಎಂದ. ಮುಂದಿನ ತಪಾಸಣೆ ನವೆಂಬರಿನಲ್ಲಿ ಇದೆ.